ನಾದಿನಿ ಆಡಿದ ಒಂದು ಮಾತು

ತೀರ್ಥಹಳ್ಳಿ ತಾಲ್ಲೂಕಿನಿಂದ ಬಂದ ಒಂದು ಪತ್ರ ಈ ವಾರ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ. ಮೂರು ಪುಟದ ಪತ್ರ. ಅದರಲ್ಲಿ ಎರಡೂವರೆ ಪುಟ ಅತ್ತೆಯ ಮೇಲಿನ ದೂರು.

ಸಂಗತಿ ಇಷ್ಟು. ಆಗುಂಬೆ ರಸ್ತೆ ಕಡೆ ಒಂದು ತೋಟದ ಮನೆ. ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ತಾಯಿ ಪೇಟೆಯ ಸೊಸೈಟಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವಾಗ ಸಂಜೆ ಆರು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಮಗು ಇಡೀ ದಿನ ಅಜ್ಜಿಯ ಕೈಯಲ್ಲಿ. ಅಜ್ಜಿ ಮೊಬೈಲ್‌ನಲ್ಲಿ ಕಾರ್ಟೂನ್ ಹಾಕಿಯೇ ತುತ್ತು ಇಡುವುದು. ಒಂದೊಂದು ಊಟಕ್ಕೂ ಒಂದು ಗಂಟೆ. ದಿನಕ್ಕೆ ಮೂರು ಗಂಟೆ ದಾಟುತ್ತದೆ. ಮೊಬೈಲ್ ಕಿತ್ತುಕೊಂಡರೆ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಅತ್ತೆಗೆ ಹೇಳಿದರೆ ‘ಹಾಗಾದ್ರೆ ನೀನೇ ಮನೇಲಿದ್ದು ಉಣ್ಸು’ ಅನ್ನುತ್ತಾರೆ. ಈಗ ಇವರು ಅತ್ತೆಗೆ ಗೊತ್ತಾಗದ ಹಾಗೆ ವೈಫೈ ಆಫ್ ಮಾಡಿ ಕೆಲಸಕ್ಕೆ ಹೊರಡುತ್ತಿದ್ದಾರಂತೆ. ಮುಖ್ಯವಾಗಿ ಕೇಳಿರುವುದು ಎರಡು ಪ್ರಶ್ನೆ: ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ತೋರಿಸಬಹುದು? ಅತ್ತೆಗೆ ಬುದ್ಧಿ ಹೇಳುವುದು ಹೇಗೆ?

ಮೊದಲನೆಯದಕ್ಕೆ ಉತ್ತರ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಕೊಟ್ಟಿರುವ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಒಂದು ಗಂಟೆ ಅನ್ನುವುದು ಮಿತಿ. ದಿನಾ ಅಷ್ಟು ತೋರಿಸಲೇಬೇಕು ಅಂತೇನಿಲ್ಲ. ಮಲಗುವ ಒಂದು ತಾಸು ಮುಂಚೆ ಅಂತೂ ಬೇಡವೇ ಬೇಡ.

ಎರಡನೆಯದಕ್ಕೆ ಬರುತ್ತೇನೆ. ತಂಗೀ, ನಿಮ್ಮ ಪತ್ರದ ಮೂರನೇ ಪುಟದ ತುದಿಯಲ್ಲಿ, ಜಾಗ ಸಾಲದೆ ಅಂಚಿಗೆ ಒತ್ತಿ ಬರೆದ ಒಂದು ಸಾಲಿದೆ. ‘ಯುಗಾದಿ ಹೊತ್ತಿಗೆ ಬೆಂಗಳೂರಿನ ನಾದಿನಿ ವಿಡಿಯೊ ಕಾಲ್‌ನಲ್ಲಿ, ಏನಮ್ಮಾ, ಮಗು ಇಷ್ಟು ಸೊರಗಿದೆ, ಸರಿಯಾಗಿ ಉಣ್ಣಿಸ್ತಿಲ್ವಾ ಅಂದಿದ್ದರು. ಆಮೇಲಿಂದ ಅತ್ತೆ ಊಟದ ವಿಷಯಕ್ಕೆ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಂಡಿದ್ದಾರೆ.’

ಪತ್ರ ಶುರುವಾಗಬೇಕಿದ್ದದ್ದು ಇಲ್ಲಿಂದ. ಯುಗಾದಿಗಿಂತ ಮುಂಚೆ ಈ ಮೊಬೈಲ್ ಊಟ ಇತ್ತಾ? ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಇದ್ದ ಹಾಗೆ ಕಾಣಲಿಲ್ಲ. ಹೆತ್ತ ಮಗಳೇ ‘ಉಣ್ಣಿಸ್ತಿಲ್ವಾ’ ಅಂದರೆ ಆ ತಾಯಿಗೆ ಏನಾಗಬೇಕು? ಆವತ್ತಿಂದ ಅವರಿಗೆ ಬಟ್ಟಲು ಖಾಲಿಯಾಗಬೇಕು. ಹೇಗಾದರೂ ಸರಿ, ಖಾಲಿಯಾಗಬೇಕು. ಕಾರ್ಟೂನ್ ಹಾಕಿದರೆ ಮಗುವಿನ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ ಅಂತ ಒಂದು ದಿನ ಗೊತ್ತಾಯಿತು. ಅಷ್ಟೇ ನಡೆದದ್ದು. ಇದರಲ್ಲಿ ಅತ್ತೆಯ ಹಟ ಎಲ್ಲಿದೆ ಅಂತ ಹುಡುಕಿದೆ, ನನಗೆ ಸಿಗಲಿಲ್ಲ. ನಾನು ಕಂಡದ್ದು ಅವರ ಭಯ.

ಇನ್ನೊಂದು ಮಾತು ನೀವೇ ಬರೆದು ನೀವೇ ದಾಟಿಬಿಟ್ಟಿದ್ದೀರಿ. ಅಂಗನವಾಡಿಯಲ್ಲಿ ತೂಕ ನೋಡಿದ್ದಾರೆ, 11 ಕೆಜಿ, ಕಾರ್ಡಿನಲ್ಲಿ ಹಸಿರು ಪಟ್ಟಿಯೊಳಗೇ ಇದೆ. ಅಂದರೆ ಮಗು ಸೊರಗಿಲ್ಲ! ನಾದಿನಿ ಕಂಡದ್ದು ಅಂಗೈಯಗಲದ ಪರದೆಯಲ್ಲಿ, ಮಲೆನಾಡಿನ ನೆಟ್‌ವರ್ಕ್‌ನಲ್ಲಿ ಮಸುಕಾಗಿ ಕಂಡ ಒಂದು ಮುಖ.

ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಆಮೇಲೆ ವರ್ಷಕ್ಕೆ ಎರಡು, ಎರಡೂವರೆ ಕೆಜಿ ಏರಿದರೆ ಸಾಕು. ಬೆಳವಣಿಗೆಯ ವೇಗವೇ ಇಳಿದ ಮೇಲೆ ಹಸಿವೂ ಇಳಿಯುತ್ತದೆ. ಗುಂಡಗುಂಡಗಿದ್ದ ಕೂಸು ಓಡಾಡಲು ಶುರು ಮಾಡಿ ಉದ್ದವಾಗುತ್ತದೆ, ಕೆನ್ನೆ ಇಳಿಯುತ್ತದೆ. ನಮ್ಮವರು ಇದನ್ನು ‘ಒಣಗಿದೆ’ ಅನ್ನುತ್ತಾರೆ. ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತೇ ಇದೆ: ಮಗುವಿನ ಹೊಟ್ಟೆಯ ಲೆಕ್ಕ ಮಗುವಿಗೇ ಗೊತ್ತು. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅದರ ಕೆಲಸ. ಕಾರ್ಟೂನ್ ನೋಡುತ್ತಾ ತಿನ್ನುವ ಮಗುವಿಗೆ ಬಾಯಿಗೆ ಏನು ಬಿತ್ತು, ಹೊಟ್ಟೆ ಯಾವಾಗ ತುಂಬಿತು ಅಂತಲೇ ತಿಳಿಯುವುದಿಲ್ಲ.

ಹಾಗಾಗಿ ನಿಮಗೆ ಮೊದಲು ಬೈಗುಳ. ವೈಫೈ ಆಫ್ ಮಾಡಿ ಹೋಗುವುದನ್ನು ಇವತ್ತೇ ನಿಲ್ಲಿಸಿ. ಅದು ಕಳ್ಳಾಟ. ಮಂಡಿ ನೋವಿನ ಹೆಂಗಸು, ಹೊರಗೆ ಜಡಿಮಳೆ, ಮಾವನವರ ಟಿ.ವಿ. ನ್ಯೂಸ್ ಬೆಳಗ್ಗಿನಿಂದ ಕಿರುಚುತ್ತಲೇ ಇರುತ್ತದೆ (ಅದನ್ನೂ ಆರಿಸಿ, ಯಾರೂ ನೋಡದೆ ಓಡುತ್ತಿರುವ ಟಿ.ವಿ.ಯೂ ಮಗುವಿನ ಜೊತೆಗಿನ ಮಾತನ್ನು ತಿನ್ನುತ್ತದೆ), ಅಳುವ ಮಗು, ಅದರ ಮೇಲೆ ನೆಟ್ ಯಾಕೆ ಬರುತ್ತಿಲ್ಲ ಅಂತ ಅರ್ಥವಾಗದ ಪರದಾಟ. ನಿಮ್ಮ ಒಂಬತ್ತು ತಾಸಿನ ಕೆಲಸವನ್ನು ಸಂಬಳವಿಲ್ಲದೆ ನಡೆಸಿಕೊಡುತ್ತಿರುವುದು ಅವರು. ನೀವು ಯೋಚನೆ ಮಾಡಬೇಕಾದದ್ದು ಅವರಿಗೆ ಬುದ್ಧಿ ಹೇಳುವುದನ್ನಲ್ಲ, ಅವರ ತಲೆ ಮೇಲಿನ ಭಾರ ಇಳಿಸುವುದನ್ನು.

ಟೈಮ್‌ಟೇಬಲ್ ಕೇಳಿದ್ದೀರಿ. ಕೊಡುವುದಿಲ್ಲ. ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಒಂದೇ ವಾರದಲ್ಲಿ ಅತ್ತೆ-ಸೊಸೆ ಜಗಳಕ್ಕೆ ದಾಖಲೆಯಾಗುತ್ತದೆ. ಒಂದೇ ನಿಯಮ ಸಾಕು: ಊಟದ ಹೊತ್ತಲ್ಲಿ ಮನೆಯ ಎಲ್ಲಾ ಮೊಬೈಲುಗಳೂ ನಾಗಂದಿಗೆ ಮೇಲೆ. ಮಗುವಿನದು ಮಾತ್ರ ಅಲ್ಲ, ಅಡಿಕೆ ರೇಟು ನೋಡುವ ನಿಮ್ಮ ಯಜಮಾನರದೂ, ನಿಮ್ಮದೂ. ಮಗು ಎಲ್ಲರ ಸಾಲಿನಲ್ಲಿ ಕೂರಲಿ. ಅವಳಿಗೇ ಒಂದು ತಟ್ಟೆ, ಅವಳದೇ ಕೈ. ಕಡುಬು ಕಿವುಚಲಿ, ಅನ್ನ ಚೆಲ್ಲಲಿ. ಅರ್ಧ ಗಂಟೆ ಆದ ಮೇಲೆ ತಟ್ಟೆ ಎತ್ತಿ. ‘ಇನ್ನೊಂದೇ ತುತ್ತು’ ಅನ್ನಬೇಡಿ. ತಿಂದದ್ದು ಕಡಿಮೆ ಅನ್ನಿಸಿದರೆ ಎರಡು ಮೂರು ತಾಸಿಗೆ ಮತ್ತೊಂದು ಹೊತ್ತು ಬಂದೇ ಬರುತ್ತದೆ. ನಡುವೆ ಬಿಸ್ಕೆಟ್ ಕೈಗಿಡದಿದ್ದರೆ ಹಸಿವು ತಾನೇ ಬರುತ್ತದೆ.

ಊಟದ ಮೂರು ಗಂಟೆ ಹೋದರೆ ನಿಮ್ಮ ಮನೆಯಲ್ಲಿ ಸ್ಕ್ರೀನ್ ಅನ್ನುವುದು ಹೆಚ್ಚು ಕಡಿಮೆ ಮುಗಿದೇ ಹೋಯಿತು, ಅಲ್ವಾ? ಸಂಜೆ ನೀವು ಬಂದ ಮೇಲೆ ಒಂದಿಷ್ಟು ಹೊತ್ತು ತೋರಿಸಬೇಕು ಅನ್ನಿಸಿದರೆ ಪಕ್ಕದಲ್ಲಿ ಕೂತು ತೋರಿಸಿ. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಸೆಟ್ಟಿಂಗ್ ಆಫ್ ಮಾಡಿ. ನೀವು ಆಫ್ ಮಾಡಬೇಕಾದದ್ದು ಅದನ್ನು, ವೈಫೈಯನ್ನಲ್ಲ.

ಮಳೆಗಾಲದಲ್ಲಿ ಮಗುವನ್ನು ಎಲ್ಲಿ ಆಡಿಸುವುದು ಅಂತಲೂ ಕೇಳಿದ್ದೀರಿ. ಈ ವಯಸ್ಸಿಗೆ ದಿನಕ್ಕೆ ಎಲ್ಲಾ ಸೇರಿ ಮೂರು ತಾಸು ಮೈ ಅಲುಗಾಡಬೇಕು ಅನ್ನುತ್ತಾರೆ. ತೋಟದ ಮನೆಯವರು ನನ್ನನ್ನು ಇದನ್ನು ಕೇಳಬಾರದು. ಅಡಿಕೆ ಹಾಳೆಯ ಮೇಲೆ ಕೂರಿಸಿ ಜಗಲಿಯ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಮಾವನವರಿಗೂ ಒಂದು ಕೆಲಸವಾಯಿತು. ಮಳೆ ಹೊಳವಾದರೆ ಅಂಗಳಕ್ಕೆ ಬಿಡಿ. ಕಾಲು ಒದ್ದೆಯಾದರೆ ಒರೆಸಿದರಾಯಿತು. ಮಳೆನೀರು ಮುಟ್ಟಿದ ಕೂಡಲೇ ನೆಗಡಿ ಅನ್ನುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಜಗಲಿಯಲ್ಲಿ ಒಣ ಅಡಿಕೆ ಇದ್ದರೆ ಮಾತ್ರ ಅದು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿಕೊಂಡೀತು.

ಮೊದಲ ಕೆಲವು ದಿನ ಅವಳು ಮನೆ ಹಾರಿಹೋಗುವಂತೆ ಅಳುತ್ತಾಳೆ. ಆ ಅಳು ಅತ್ತೆಯೊಬ್ಬರ ತಲೆಗೆ ಬೀಳಬಾರದು. ಸೊಸೈಟಿಗೆ ಎರಡು ದಿನ ರಜೆ ಹಾಕಿ, ಭಾನುವಾರಕ್ಕೆ ಸೇರಿಸಿಕೊಳ್ಳಿ, ಎದುರಿಗೆ ನೀವೇ ಕೂತು ತಡೆದುಕೊಳ್ಳಿ. ‘ಅಮ್ಮ ಬಾ’, ‘ಮೊಬೈಲ್ ಕೊಡು’ ಅಂತ ಪದ ಕೂಡಿಸಿ ಮಾತಾಡುತ್ತಾಳೆ ಅಂತ ಬರೆದಿದ್ದೀರಿ, ಅದು ಸಮಾಧಾನದ ವಿಷಯ. ಈ ವಯಸ್ಸಿಗೆ ಎರಡು ಪದ ಕೂಡಿಸದ, ಹೆಸರು ಕರೆದರೆ ತಿರುಗದ ಮಗುವಾಗಿದ್ದರೆ ಪತ್ರ ಬರೆಯುವುದು ಬಿಟ್ಟು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದೆ.

ಇನ್ನು ನಾದಿನಿ. ತಮಾಷೆ ನೋಡಿ, ಎರಡು ವರ್ಷದೊಳಗಿನ ಮಕ್ಕಳಿಗೂ ಡಾಕ್ಟರುಗಳು ಒಪ್ಪುವ ಒಂದೇ ಸ್ಕ್ರೀನ್ ಅಂದರೆ ಮನೆಯವರ ಜೊತೆ ವಿಡಿಯೊ ಕಾಲ್. ನಿಮ್ಮ ಮನೆಯಲ್ಲಿ ತಾಪತ್ರಯ ಬಂದದ್ದು ಅದರಿಂದಲೇ! ಕಾಲ್ ನಿಲ್ಲಿಸಬೇಡಿ. ಸೋದರತ್ತೆ ಮಗುವಿನ ಜೊತೆ ಹಾಡಲಿ, ಆಡಲಿ. ಮೈ, ತೂಕ, ಊಟ, ಈ ಮೂರರ ಸುದ್ದಿ ಎತ್ತಬಾರದು. ಇದನ್ನು ನೀವು ಹೇಳಬೇಡಿ, ಅತ್ತೆ ಹೇಳಲಾರರು. ಅಂಗನವಾಡಿ ಕಾರ್ಡಿನ ಫೋಟೊ ಕಳಿಸಿ, ತಂಗಿಗೆ ಫೋನ್ ಮಾಡಿ ಹೇಳಬೇಕಾದವರು ನಿಮ್ಮ ಯಜಮಾನರು. ಪತ್ರದ ಮೂರು ಪುಟದಲ್ಲಿ ಅವರು ಬರುವುದು ಒಂದೇ ಕಡೆ, ‘ಇವರಿಗೆ ತೋಟದಲ್ಲೇ ಪುರಸೊತ್ತಿಲ್ಲ’ ಅಂತ. ಮುಂದಿನ ಭಾನುವಾರದೊಳಗೆ ಆ ಫೋನ್ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋದಿದೆ ಅಂದರೆ, ಈ ಮಳೆಗೆ ಹೇಗೂ ಔಷಧಿ ಹೊಡೆಯೋಕಾಗಲ್ಲ, ಈಗಲೇ ಮಾಡಿ ಅನ್ನಿ.