ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ: ಕೊನೆಯ ಮೂರು ಔಟಿಗೆ ಬೇರೆ ಆಳು ಯಾಕೆ?

ಈ ಸಲ ಬಂದ ಕಾಗದಗಳಲ್ಲಿ ಬೇಸ್‌ಬಾಲ್ ಬಗ್ಗೆಯೇ ಜಾಸ್ತಿ. ಕಬಡ್ಡಿ, ವಾಲಿಬಾಲ್ ಆಡುವ ನಮ್ಮ ಕಾಸರಗೋಡಿಗೆ ಇದು ಯಾವಾಗ ಹೊಕ್ಕಿತು ಅಂತ ಕೇಳಬೇಡಿ. ಮನೆಗೊಬ್ಬರು ಹೊರದೇಶದಲ್ಲಿ, ಎಲ್ಲರ ಕೈಯಲ್ಲೂ ಫೋನು, ಮತ್ತೇನು ಬೇಕು?

*ಮಾಷ್ಟ್ರೇ, ನಾನು ರಬ್ಬರ್ ಟ್ಯಾಪಿಂಗ್ ಮಾಡುವವನು. ನಸುಕಿಗೇ ಮರ ಗೀರಿ, ಗೆರಟೆಗೆ ಹಾಲು ಇಳಿಯುವವರೆಗೆ ತೋಟದಲ್ಲೇ ಕೂತು ಫೋನಿನಲ್ಲಿ ನ್ಯೂಯಾರ್ಕಿನ ಬೇಸ್‌ಬಾಲ್ ನೋಡುತ್ತೇನೆ. ಭಾವ ಅಲ್ಲಿದ್ದಾರೆ, ಅವರಿಂದ ಹತ್ತಿದ ಚಟ. ಚೆನ್ನಾಗಿ ಎಸೆಯುತ್ತಿದ್ದವನನ್ನೂ ಕೂರಿಸಿ ಒಂಬತ್ತನೇ ಇನಿಂಗ್ಸಿಗೆ ಬೇರೆಯವನನ್ನು ತರುತ್ತಾರಲ್ಲ, ಯಾಕೆ ಆ ಉಸಾಬರಿ?*
ಮುಳ್ಳೇರಿಯದ ಓದುಗ

ನಿಮ್ಮ ಹೊತ್ತು ಸರಿಯಾಗಿ ಹೊಂದಿದೆ. ಬೇಸಿಗೆಯಲ್ಲಿ ಅಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗೆ ಬೆಳಗ್ಗೆ ನಾಲ್ಕೂವರೆ. 2023ರಲ್ಲಿ ಪಿಚರ್‌ಗಳಿಗೆ, ಅಂದರೆ ಚೆಂಡು ಎಸೆಯುವವರಿಗೆ, ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅನ್ನುವ ಗಡಿಯಾರದ ನಿಯಮ ಬಂದ ಮೇಲೆ ಎರಡೂಮುಕ್ಕಾಲು ಗಂಟೆಯೊಳಗೆ ಮುಗಿಯುವ ಆಟಗಳೇ ಹೆಚ್ಚು. ಅಂದರೆ ನೀವು ಹೇಳಿದ ಆ ಕೊನೆಯ ಪಿಚರ್, ಅವನಿಗೆ ಕ್ಲೋಸರ್ ಅನ್ನುತ್ತಾರೆ, ಓಡಿ ಬರುವಾಗ ನೀವು ಬಕೆಟ್ ಹಿಡಿದು ಹೊರಡಬೇಕು, ಪಾಪ.

ಈಗ ವಿಷಯಕ್ಕೆ ಬರೋಣ. ಆಟಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್, ಸಮವಾದರೆ ಇನ್ನೂ ಮುಂದುವರಿಯುತ್ತದೆ. ಕ್ರಿಕೆಟ್‌ನ ಹಾಗೆ ಓವರಿಗೊಬ್ಬರು ಅಲ್ಲಿಲ್ಲ. ಒಬ್ಬನೇ ಎಸೆಯುತ್ತಾ ಹೋಗುತ್ತಾನೆ, ಒಮ್ಮೆ ಹೊರಗೆ ಹೋದರೆ ಆ ಆಟಕ್ಕೆ ಮತ್ತೆ ಬರುವ ಹಾಗಿಲ್ಲ. ಶುರುವಿಗೆ ಎಸೆಯುವ ಸ್ಟಾರ್ಟರ್ ತೊಂಬತ್ತು, ನೂರು ಚೆಂಡು ಎಸೆಯುವಷ್ಟರಲ್ಲಿ ಭುಜ ಸೋಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎದುರಾಳಿಗಳ ಒಂಬತ್ತೂ ಬ್ಯಾಟರ್‌ಗಳು ಅವನನ್ನು ಅಷ್ಟರಲ್ಲಿ ಎರಡು ಸಲ ನೋಡಿರುತ್ತಾರೆ, ಚೆಂಡು ಕೈಯಿಂದ ಹೇಗೆ ಬಿಡುತ್ತದೆ, ಎಲ್ಲಿ ತಿರುಗುತ್ತದೆ ಅಂತ ಗುರುತು ಸಿಕ್ಕಿರುತ್ತದೆ, ಮೂರನೇ ಸಲ ಬಂದಾಗ ಜೋರಾಗಿ ಹೊಡೆಯುತ್ತಾರೆ. ಕ್ಲೋಸರ್‌ಗೆ ಈ ಎರಡೂ ತಲೆನೋವಿಲ್ಲ. ಅವನು ಎದುರಿಸುವುದು ಮೂರೋ ನಾಲ್ಕೋ ಬ್ಯಾಟರ್‌ಗಳನ್ನು, ಅದೂ ಒಂದೊಂದೇ ಸಲ. ನಾಳೆಗೆ ಅಂತ ಏನನ್ನೂ ಉಳಿಸಿಕೊಳ್ಳಬೇಕಿಲ್ಲ, ಇರುವ ಶಕ್ತಿಯನ್ನೆಲ್ಲ ಹಾಕಿ ಎಸೆಯಬಹುದು. ಮುಂದೆ ಕ್ಲೋಸರ್ ಆಗಿ ಹೆಸರಾದ ಅರೋಲ್ಡಿಸ್ ಚಾಪ್‌ಮನ್ 2010ರಲ್ಲಿ ಗಂಟೆಗೆ 105 ಮೈಲಿ ದಾಟಿಸಿದ್ದ, ನಮ್ಮ ಲೆಕ್ಕದಲ್ಲಿ 169 ಕಿಲೋಮೀಟರ್. ಎಸೆಯುವ ಜಾಗದಿಂದ ಬ್ಯಾಟರ್‌ಗೆ ಇರುವುದು ಹದಿನೆಂಟೂವರೆ ಮೀಟರ್ ಕೂಡ ಇಲ್ಲ.

ಸ್ಟಾರ್ಟರ್‌ಗೆ ನಾಲ್ಕೈದು ಬಗೆಯ ಎಸೆತ ಬೇಕು. ಕ್ಲೋಸರ್‌ಗೆ ಎರಡು ಸಾಕು. ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೇರಾಗಂತೂ ಹೆಚ್ಚುಕಮ್ಮಿ ಒಂದೇ ಸಾಕಾಯಿತು. ಅದರ ಹೆಸರು ಕಟರ್. ನೇರ ಬರುತ್ತಿದ್ದ ಚೆಂಡು ಕೊನೆಯ ಗಳಿಗೆಯಲ್ಲಿ ಎಡಗೈ ಬ್ಯಾಟರ್‌ನ ಕೈಯ ಕಡೆಗೆ ಸರಿಯುತ್ತದೆ. ಬ್ಯಾಟಿನ ದಪ್ಪ ಭಾಗಕ್ಕೆ ತಾಗಬೇಕಾದದ್ದು ಹಿಡಿಯ ಹತ್ತಿರ ತಾಗಿ ಬ್ಯಾಟೇ ಮುರಿಯುತ್ತದೆ. ಎಲ್ಲರಿಗೂ ಗೊತ್ತು ಕಟರ್ ಬರುತ್ತದೆ ಅಂತ, ಆದರೂ ಹೊಡೆಯಲು ಆಗುತ್ತಿರಲಿಲ್ಲ. ಪನಾಮಾದ ಮೀನುಗಾರನ ಮಗ ಆತ. ಒಟ್ಟು 652 ಸೇವ್, ಅದು ಇವತ್ತಿಗೂ ದಾಖಲೆ. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಒಂದು ಓಟೂ ತಪ್ಪದೆ ಆಯ್ಕೆಯಾದ ಮೊದಲ ಆಟಗಾರನೂ ಅವನೇ, 2019ರಲ್ಲಿ.

*ಈ ಸೇವ್ ಅಂದರೇನು ಮಾಷ್ಟ್ರೇ? ಗೆದ್ದ ಎಲ್ಲ ಆಟಕ್ಕೂ ಕೊಡುವುದಿಲ್ಲವಲ್ಲ.*
ನೀರ್ಚಾಲಿನ ವಿದ್ಯಾರ್ಥಿನಿ

ಇಲ್ಲ. ಗೆದ್ದ ತಂಡದ ಪರವಾಗಿ ಆಟ ಮುಗಿಸಿದ ಪಿಚರ್ ಅವನಾಗಿರಬೇಕು, ಗೆಲುವು ಬೇರೆ ಪಿಚರ್‌ನ ಹೆಸರಿನಲ್ಲಿರಬೇಕು (ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ). ಅದರ ಜತೆಗೆ ಮೂರರಲ್ಲಿ ಒಂದಾದರೂ ಆಗಬೇಕು: ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇದ್ದಾಗ ಬಂದು ಒಂದು ಇನಿಂಗ್ಸ್ ಎಸೆಯುವುದು, ಇಲ್ಲವೇ ಸಮ ಮಾಡಬಲ್ಲ ಎದುರಾಳಿ ಬೇಸ್ (ರನ್ನಿಗೆ ಓಡುವವರು ನಿಲ್ಲುವ ಜಾಗ) ಮೇಲೋ, ಬ್ಯಾಟ್ ಹಿಡಿದೋ, ಅದರ ನಂತರದ ಸರದಿಯಲ್ಲೋ ಇರುವಾಗ ಬರುವುದು, ಇಲ್ಲವೇ ಮೂರು ಇನಿಂಗ್ಸ್ ಚೆನ್ನಾಗಿ ಎಸೆಯುವುದು. ಈ ಲೆಕ್ಕವನ್ನು ಹುಟ್ಟುಹಾಕಿದವರು ಶಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. 1969ರಲ್ಲಿ ಅಧಿಕೃತವಾಯಿತು.

ಮೂರನೆಯ ನಿಯಮದಿಂದ ಒಂದು ತಮಾಷೆಯೂ ನಡೆದಿದೆ. 2007ರ ಆಗಸ್ಟ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ಬಾಲ್ಟಿಮೋರನ್ನು 30-3ರಿಂದ ಸದೆಬಡಿಯಿತು. ಕೊನೆಯ ಮೂರು ಇನಿಂಗ್ಸ್ ಎಸೆದ ವೆಸ್ ಲಿಟಲ್‌ಟನ್‌ಗೆ ಸೇವ್ ಬರೆದರು! ಏನನ್ನು ಕಾಪಾಡಿದ ಅಂತ ದೇವರಿಗೇ ಗೊತ್ತು.

*ಒಂದು ಇನಿಂಗ್ಸ್ ಎಸೆಯುವವನಿಗೆ ಕೋಟಿಗಟ್ಟಲೆ ಕೊಡುತ್ತಾರಂತೆ. ಅವನಿಲ್ಲದಿದ್ದರೆ ಆಟ ನಿಲ್ಲುತ್ತದಾ?*
ಉಪ್ಪಳದ ವ್ಯಾಪಾರಿ

ಕೊಡುತ್ತಾರೆ. 2022ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಡ್ವಿನ್ ಡಿಯಾಸ್‌ಗೆ ಐದು ವರ್ಷಕ್ಕೆ 102 ಮಿಲಿಯನ್ ಡಾಲರ್ ಒಪ್ಪಿದರು. ಮುಂದಿನ ಮಾರ್ಚ್‌ನಲ್ಲಿ ತನ್ನ ದೇಶದ ತಂಡ ಗೆದ್ದ ಖುಷಿಗೆ ಕುಣಿಯುವಾಗ ಮೊಣಕಾಲು ಹೋಗಿ ಆ ವರ್ಷ ಪೂರ್ತಿ ಮನೆಯಲ್ಲಿ ಕೂತ.

ನಿಮ್ಮದು ವ್ಯಾಪಾರಿಯ ಪ್ರಶ್ನೆ, ಸರಿಯಾಗಿಯೇ ಇದೆ. ಎಂಟು ಇನಿಂಗ್ಸ್ ಮುಗಿದಾಗ ಮುಂದಿರುವ ತಂಡ ನೂರಕ್ಕೆ ಸುಮಾರು 95 ಸಲ ಗೆಲ್ಲುತ್ತದೆ. ವಿಶೇಷ ಅಂದರೆ, ಈಗಿನ ಹಾಗೆ ಕ್ಲೋಸರ್ ಅಂತ ಒಬ್ಬ ಇಲ್ಲದ ಕಾಲದಲ್ಲೂ ಲೆಕ್ಕ ಹೆಚ್ಚುಕಮ್ಮಿ ಇಷ್ಟೇ ಇತ್ತು. ಮೂರು ರನ್ ಮುಂದಿದ್ದು ಒಂದು ಇನಿಂಗ್ಸ್ ಕಳೆಯುವುದು ಒಳ್ಳೆಯ ಪಿಚರ್ ಯಾರಿಗಾದರೂ ಆಗುವ ಕೆಲಸ. ಒಂದೇ ರನ್ ಮುಂದಿದ್ದಾಗ ಮಾತ್ರ ಕಥೆ ಬೇರೆ.

ನನ್ನ ಪ್ರಕಾರ ಕ್ಲೋಸರ್ ಮುಖ್ಯ ಹೌದು, ಆದರೆ ಒಂಬತ್ತನೇ ಇನಿಂಗ್ಸ್ ಅನ್ನುವ ಕಾರಣಕ್ಕಲ್ಲ. ಆಟ ಕೈತಪ್ಪುವ ಗಳಿಗೆ ಏಳನೆಯದರಲ್ಲೂ ಬರಬಹುದು, ಹನ್ನೊಂದನೆಯದರಲ್ಲೂ ಬರಬಹುದು. ತಂಡದ ಅತ್ಯುತ್ತಮ ರಿಲೀಫ್ ಪಿಚರ್, ಅಂದರೆ ಸ್ಟಾರ್ಟರ್ ಹೋದ ಮೇಲೆ ಬರುವವರಲ್ಲಿ ಒಳ್ಳೆಯವನು, ಆಗ ಮೈದಾನದಲ್ಲಿರಬೇಕು. ಹಿಂದೆ ರೋಲಿ ಫಿಂಗರ್ಸ್, ಗೂಸ್ ಗೊಸೇಜ್ ಎಲ್ಲ ಹಾಗೆಯೇ ಬರುತ್ತಿದ್ದರು, ಬೇಸ್ ತುಂಬ ಎದುರಾಳಿಗಳಿರುವಾಗ ಬಂದು ಎರಡು, ಮೂರು ಇನಿಂಗ್ಸ್ ಎಸೆಯುತ್ತಿದ್ದರು. 1988ರ ಹೊತ್ತಿಗೆ ಓಕ್‌ಲ್ಯಾಂಡ್‌ನಲ್ಲಿ ಮ್ಯಾನೇಜರ್ ಟೋನಿ ಲಾ ರೂಸಾ ಡೆನಿಸ್ ಎಕರ್ಸ್‌ಲಿಯನ್ನು ಹೆಚ್ಚಾಗಿ ಒಂಬತ್ತನೇ ಇನಿಂಗ್ಸಿಗೇ ಇಟ್ಟುಕೊಂಡು ಗೆದ್ದರು, ಉಳಿದವರೆಲ್ಲ ಅದನ್ನೇ ನಕಲು ಮಾಡಿದರು. ಕೊನೆಗೆ ಸೇವ್ ಬರುವ ಹಾಗಿದ್ದರೆ ಮಾತ್ರ ಕ್ಲೋಸರ್ ಅನ್ನುವಲ್ಲಿಗೆ ಬಂತು.

ಅದರಿಂದ ಏನಾಗುತ್ತದೆ ನೋಡಿ. 2016ರ ಅಕ್ಟೋಬರ್ 4, ಟೊರಾಂಟೊ. ಸೋತವರು ಮನೆಗೆ ಹೋಗುವ ಒಂದೇ ಆಟ. ಬಾಲ್ಟಿಮೋರ್ ಬಳಿ ಜಾಕ್ ಬ್ರಿಟನ್ ಇದ್ದ. ಆ ವರ್ಷ 47 ಅವಕಾಶ, 47 ಸೇವ್, ಒಂದೂ ತಪ್ಪಿರಲಿಲ್ಲ. ಒಂಬತ್ತು ಇನಿಂಗ್ಸ್ ಮುಗಿದಾಗ 2-2. ಮ್ಯಾನೇಜರ್ ಬಕ್ ಶೋವಾಲ್ಟರ್ ಬ್ರಿಟನ್‌ನನ್ನು ಕರೆಯಲಿಲ್ಲ. ಹೊರಗಿನ ತಂಡ ಮೊದಲು ಬ್ಯಾಟ್ ಮಾಡುತ್ತದೆ, ಕೊನೆಯ ಸರದಿ ಊರಿನ ತಂಡದ್ದು ಅಲ್ವಾ, ಮುನ್ನಡೆ ಸಿಕ್ಕ ಮೇಲೆ ಅದನ್ನು ಉಳಿಸಲು ಒಬ್ಬ ಬೇಕು ಅನ್ನುವ ಲೆಕ್ಕ. ಮುನ್ನಡೆ ಸಿಗಲೇ ಇಲ್ಲ. ಹನ್ನೊಂದನೇ ಇನಿಂಗ್ಸಿನಲ್ಲಿ ಉಬಾಲ್ಡೊ ಹಿಮೆನೆಸ್ ಎಸೆದದ್ದನ್ನು ಎಡ್ವಿನ್ ಎನ್‌ಕಾರ್ನಾಸಿಯೋನ್ ಗ್ಯಾಲರಿಗೆ ಅಟ್ಟಿದ, ಮೂರು ರನ್, 5-2, ಆಟ ಮುಗಿಯಿತು. ಮದುವೆಗೆ ಅಂತ ಕಪಾಟಿನಲ್ಲಿಟ್ಟ ಸೀರೆಯನ್ನು ಇಲಿ ಕಡಿದ ಹಾಗೆ.

ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಟೆರಿ ಫ್ರಾಂಕೋನಾ ತಮ್ಮ ಒಳ್ಳೆಯ ರಿಲೀಫ್ ಪಿಚರ್ ಆಂಡ್ರೂ ಮಿಲ್ಲರ್‌ನನ್ನು ಕೊನೆಯವರೆಗೆ ಕಾಯದೆ, ಬೇಕಾದಾಗೆಲ್ಲ ಮೊದಲೇ ಇಳಿಸಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ತನಕ ಹೋದರು.

ಹಾಗಂತ ನಿಗದಿತ ಕೆಲಸ ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಬುಲ್‌ಪೆನ್‌ನಲ್ಲಿ (ರಿಲೀಫ್ ಪಿಚರ್‌ಗಳು ಕಾಯುತ್ತಾ ಅಭ್ಯಾಸ ಮಾಡುವ ಜಾಗ) ಕೂತವನಿಗೆ ತನ್ನ ಹೊತ್ತು ಗೊತ್ತಿದ್ದರೆ ಸರಿಯಾಗಿ ಮೈ ಬಿಸಿ ಮಾಡಿಕೊಳ್ಳುತ್ತಾನೆ. ದಿನಕ್ಕೆ ಮೂರು ಸಲ ಎದ್ದು ಎಸೆದು, ಮತ್ತೆ ಕೂತು, ಕೊನೆಗೆ ಕರೆಯದೇ ಇದ್ದರೆ ಆ ಎಸೆತಗಳು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಭುಜ ಮಾತ್ರ ಸವೆಯುತ್ತದೆ.

*ನಮ್ಮದು ಓವರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ಆಡುವ ತಂಡ. ಒಳ್ಳೆಯ ಬೌಲರ್‌ನನ್ನು ಕೊನೆಯ ಓವರಿಗೇ ಇಡಬೇಕಾ?*
ಕುಂಬಳೆಯ ಯುವಕರು

ಅನಿಲ್ ಕುಂಬ್ಳೆಯವರ ಹೆಸರಿನಲ್ಲೇ ಇರುವ ಊರಿನವರು ನನ್ನನ್ನು ಬೌಲಿಂಗ್ ಕೇಳುತ್ತೀರಲ್ಲ! 2024ರ ಜೂನ್ 29ರ ಟಿ20 ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ರನ್ ಬೇಕಿತ್ತು. ರೋಹಿತ್ ಬುಮ್ರಾನನ್ನು ಕೊನೆಗೆ ಕಾದಿಡಲಿಲ್ಲ. 16ನೆಯದು, 18ನೆಯದು ಹಾಕಿಸಿ ಅವನ ಕೋಟಾ ಮುಗಿಸಿಬಿಟ್ಟರು. ಕೊನೆಯ ಓವರಿಗೆ 16 ಬೇಕು ಅನ್ನುವ ಸ್ಥಿತಿಯಲ್ಲಿ ಹಾರ್ದಿಕ್ ಕೈಗೆ ಚೆಂಡು ಹೋಯಿತು. ಕೊನೆಯ ಓವರಿಗೆ ನಾಲ್ಕೇ ರನ್ ಬೇಕಾದರೆ ಬುಮ್ರಾ ಇದ್ದೂ ಏನು ಮಾಡುತ್ತಾನೆ?

*ಕ್ಲೋಸರ್ ಸೋತರೆ?*
ಮಂಜೇಶ್ವರದ ಓದುಗ

ಊರೆಲ್ಲ ನೋಡುತ್ತದೆ. ಸ್ಟಾರ್ಟರ್ ಎರಡನೇ ಇನಿಂಗ್ಸಿನಲ್ಲಿ ಎರಡು ರನ್ ಕೊಟ್ಟರೆ ತಂಡಕ್ಕೆ ಏಳು ಇನಿಂಗ್ಸ್ ಬಾಕಿ ಇರುತ್ತದೆ. ಕ್ಲೋಸರ್ ಹಿಂದೆ ಏನೂ ಉಳಿದಿರುವುದಿಲ್ಲ. ಪ್ಲೇಆಫ್‌ಗಳ 141 ಇನಿಂಗ್ಸಿನಲ್ಲಿ ರಿವೇರಾ ತನ್ನ ಲೆಕ್ಕಕ್ಕೆ ಕೊಟ್ಟದ್ದು 11 ರನ್. ಚಂದ್ರನ ಮೇಲೆ ನಡೆದವರೇ ಅದಕ್ಕಿಂತ ಜಾಸ್ತಿ, 12 ಜನ ಅಂತ ಅಮೆರಿಕದವರು ನಗೆಯಾಡುತ್ತಾರೆ. ಅಂಥವನೂ 2001ರ ವರ್ಲ್ಡ್ ಸೀರೀಸ್‌ನ ಏಳನೇ ಆಟದಲ್ಲಿ 2-1 ಮುಂದಿದ್ದಾಗ ಬಂದು ಸೋತ. ಬ್ಯಾಟ್ ಬೀಸದೆ ಮೆತ್ತಗೆ ತಾಗಿಸಿದ (ಬಂಟ್ ಆದ) ಚೆಂಡನ್ನು ಹಿಡಿದು ಎರಡನೇ ಬೇಸಿಗೆ ಅಡ್ಡಾದಿಡ್ಡಿ ಎಸೆದ, ಆಮೇಲೆ ಆಟ ಸಮವಾಯಿತು. ಕೊನೆಗೆ ಲೂಯಿಸ್ ಗೊನ್ಸಾಲೆಸ್ ಹೊಡೆದದ್ದು ದೊಡ್ಡ ಹೊಡೆತವೇ ಅಲ್ಲ, ಮುಂದೆ ಬಂದು ನಿಂತಿದ್ದ ಫೀಲ್ಡರ್ ತಲೆಯ ಮೇಲಿಂದ ಮೆತ್ತಗೆ ಬಿತ್ತು. ಅಲ್ಲಿಗೆ ಅರಿಜೋನಾ ಚಾಂಪಿಯನ್. ರಿವೇರಾ ಆಮೇಲೂ ಹನ್ನೆರಡು ಸೀಸನ್ ಆಡಿದ.

*ನನ್ನ ಮಗನಿಗೆ ಹದಿನಾರು. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಸ್ಟಾರ್ಟರ್ ಆಗಿದ್ದ, ಈಗ ಕ್ಲೋಸರ್ ಆಗು ಅಂದಿದ್ದಾರಂತೆ. ತನ್ನನ್ನು ಕೆಳಗಿಳಿಸಿದರು ಅಂತ ಊಟ ಬಿಟ್ಟು ಕೂತಿದ್ದಾನೆ.*
ಪೆರ್ಲದ ತಾಯಿ

ಮೊದಲು ಊಟ ಮಾಡಲಿಕ್ಕೆ ಹೇಳಿ ಅಕ್ಕ. ಎಕರ್ಸ್‌ಲಿ 1978ರಲ್ಲಿ ಸ್ಟಾರ್ಟರ್ ಆಗಿ 20 ಆಟ ಗೆದ್ದವನು. ರಿಲೀಫ್‌ಗೆ ಹಾಕಿದ ಮೇಲೆ 1992ರಲ್ಲಿ ಒಂದೇ ವರ್ಷ ಲೀಗಿನ ಅತ್ಯುತ್ತಮ ಆಟಗಾರನ ಎಂವಿಪಿಯನ್ನೂ ಅತ್ಯುತ್ತಮ ಪಿಚರ್‌ನ ಸೈ ಯಂಗ್ ಪ್ರಶಸ್ತಿಯನ್ನೂ ಹೊತ್ತುಕೊಂಡು ಹೋದ. ಅಟ್ಲಾಂಟಾದ ಜಾನ್ ಸ್ಮೋಲ್ಟ್ಸ್ ಮೊಣಕೈ ಆಪರೇಷನ್ ಆದ ಮೇಲೆ ಕ್ಲೋಸರ್ ಆಗಿ 2002ರಲ್ಲಿ 55 ಸೇವ್ ಮಾಡಿದ, 2005ರಲ್ಲಿ ಮತ್ತೆ ಸ್ಟಾರ್ಟರ್ ಆದ. ಹಾಗಾಗಿ ವಾಪಸ್ ಬರುವ ದಾರಿ ಮುಚ್ಚಿಲ್ಲ.

ನೀವು ಕೇಳಬೇಕಾದ್ದು ಬೇರೆ. ಕ್ಲೋಸರ್ ಎಸೆಯುವುದು ಕಡಿಮೆ ಅಂತ ದಿನಾ ಇಳಿಸುವ ಅಭ್ಯಾಸ ಕೆಲವು ಕಡೆ ಇದೆ. ಈ ವಯಸ್ಸಿನವರಿಗೆ ಅಮೆರಿಕದಲ್ಲಿ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಒಂದು ದಿನ 30ಕ್ಕಿಂತ ಹೆಚ್ಚು ಎಸೆದರೆ ಮರುದಿನ ಪಿಚಿಂಗ್ ಇಲ್ಲ, 45 ದಾಟಿದರೆ ಎರಡು ದಿನ ಇಲ್ಲ. ಎಷ್ಟು ಕಡಿಮೆ ಎಸೆದರೂ ಮೂರು ದಿನ ಸತತ ಬೇಡ. ಬುಲ್‌ಪೆನ್‌ನಲ್ಲಿ ಎಸೆದದ್ದು ಆ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಅದನ್ನು ಬೇರೆಯೇ ಗಮನಿಸಿ. ಒಂದು ಪುಸ್ತಕ ಕೊಟ್ಟು ದಿನಾ ಬರೆಯಲು ಹೇಳಿ. ಮೊಣಕೈಯ ಒಳಬದಿ ನೋಯುತ್ತದೆ ಅಂದ ದಿನ, ಪಂದ್ಯ ಯಾವುದೇ ಇರಲಿ, ಕಳಿಸಬೇಡಿ.