ಯಾರೂ ಮುಟ್ಟದ ಡಬ್ಬಿ

ಮುಖದ ಕಾಂತಿಗೆ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಕೇಳಿಕೊಂಡು ಆಪ್ತಸಲಹೆಗೆ ಯಾರೂ ಬರುವುದಿಲ್ಲ. ನಿದ್ದೆಯಿಲ್ಲ, ಮೂಗಿನ ತುದಿಯಲ್ಲೇ ಸಿಟ್ಟು, ಮಗುವಿಗೆ ಹೊಡೆದುಬಿಟ್ಟೆ ಎಂದು ಬರುತ್ತಾರೆ. ಎರಡು ಮೂರು ಭೇಟಿಯಾದ ಮೇಲೆ ಕೈಚೀಲದಿಂದ ಒಂದು ಡಬ್ಬಿ ಹೊರಬರುತ್ತದೆ. ಈಚೆಗೆ ಇಂಥ ಡಬ್ಬಿಗಳನ್ನು ಮೇಲಿಂದ ಮೇಲೆ ನೋಡುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 44 ವರ್ಷ. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಮಗ ಒಂದನೇ ತರಗತಿಯಲ್ಲಿದ್ದಾನೆ. ಶಾಲೆಯ ಗೇಟಿನ ಬಳಿ ಯಾರೋ "ಮೊಮ್ಮಗನೇ?" ಎಂದು ಕೇಳಿದರಂತೆ. ಕೇಳಿದವರು ಮನೆ ತಲುಪುವಷ್ಟರಲ್ಲಿ ಮರೆತಿರಬೇಕು. ಈಕೆ ಮಾತ್ರ ರಾತ್ರಿಯೂಟ ಬಿಟ್ಟರು. ಬೆಳಿಗ್ಗೆ ಎರಡು ದೊಡ್ಡ ಲೋಟ ಕ್ಯಾರೆಟ್ ರಸ, ದಿನಕ್ಕೆ ಐದು ಲೀಟರ್ ನೀರು, ಜೊತೆಗೆ ಚರ್ಮ ಬಿಗಿಯಾಗುತ್ತದೆಂದು ಮಾರುವ, ತಿಂಗಳಿಗೆ ಸುಮಾರು 2,000 ರೂಪಾಯಿಯ ಕೊಲಾಜೆನ್ ಪುಡಿ ಶುರುವಾಯಿತು. ನಾಲ್ಕು ತಿಂಗಳಲ್ಲಿ ಅಂಗೈ ಅಂಗಾಲು ಹಳದಿಯಾದವು. ಕಾಮಾಲೆಯೆಂದು ಮನೆಯವರು ಹೆದರಿದರು. ಕಣ್ಣಿನ ಬಿಳಿಭಾಗ ಬಿಳಿಯಾಗಿಯೇ ಇತ್ತು. ಅದು ಕ್ಯಾರೆಟ್ಟಿನ ಬಣ್ಣವೆಂದು ವೈದ್ಯರು ಹೇಳಿದರು. ಆದರೆ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9 ಬಂತು. ಹೆಂಗಸರಿಗೆ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ.

ಡಬ್ಬಿ ಮೇಜಿನ ಮೇಲೆ ಬಂದ ದಿನ ನಾನು ಪಾಠ ಶುರು ಮಾಡಿದೆ. ಕೊಲಾಜೆನ್ ನಮ್ಮ ಚರ್ಮದಲ್ಲೂ ಇರುವ ಒಂದು ಪ್ರೋಟೀನು. ಹೊಟ್ಟೆಗೆ ಹೋದ ಮೇಲೆ ಬೇಳೆ, ಮೊಟ್ಟೆಯ ಪ್ರೋಟೀನಿನಂತೆಯೇ ಒಡೆದು ಪುಡಿಯಾಗುತ್ತದೆ, ನೆಟ್ಟಗೆ ಕೆನ್ನೆಗೆ ಹೋಗಿ ಕೂರುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಚರ್ಮದ ತೇವ ತುಸು ಸುಧಾರಿಸಿದ್ದು ಕಂಡಿದೆ, ಆದರೆ ಅವುಗಳಲ್ಲಿ ಹಲವಕ್ಕೆ ದುಡ್ಡು ಹಾಕಿದವರು ತಯಾರಕರೇ. ನಮ್ಮ ದೇಹವೇ ಕೊಲಾಜೆನ್ ಕಟ್ಟಿಕೊಳ್ಳಲು ಸಿ ಜೀವಸತ್ವ ಬೇಕು. ಅದು ನೆಲ್ಲಿಕಾಯಿಯಲ್ಲಿ, ಸೀಬೆಹಣ್ಣಿನಲ್ಲಿ ಧಾರಾಳವಾಗಿದೆ. ಚೆನ್ನಾಗಿ ಹೇಳಿದೆನೆಂಬ ಹೆಮ್ಮೆಯಲ್ಲೇ "ಈ ದುಡ್ಡಿಗೆ ದಿನಕ್ಕೊಂದು ಮೊಟ್ಟೆ ತಿಂದು, ಹಣ್ಣು ತಿಂದು, ಇನ್ನೂ ಉಳಿಸಬಹುದಲ್ಲ?" ಎಂದೆ.

ಆಕೆ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು. ಆಮೇಲೆ ಹೇಳಿದರು: "ಮೊಟ್ಟೆ ತಂದರೆ ಅದು ಮನೆಯದಾಗುತ್ತದೆ ಮೇಡಂ. ಮಗನಿಗೊಂದು, ಅವರಿಗೆರಡು. ಹಣ್ಣೂ ಅಷ್ಟೇ. ಇದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ."

ನನಗೆ ಮುಂದಿನ ಮಾತು ಹೊಳೆಯಲಿಲ್ಲ. ಮನೆಯಲ್ಲಿ ಯಾವಾಗ, ಏನು ತಿನ್ನುತ್ತೀರಿ ಎಂದು ಮೂರು ಭೇಟಿಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿದೆ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಹತ್ತೂವರೆಗೆ ತಣ್ಣಗಾದ ಉಪ್ಪಿಟ್ಟು, ಜೊತೆಗೆ ಚಹಾ. ಮಧ್ಯಾಹ್ನ ಹಿಂದಿನ ರಾತ್ರಿಯ ಅನ್ನ, ತಳದಲ್ಲಿ ಉಳಿದ ಸಾರು. ಬೇಳೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಬಡತನವೇನೂ ಇರಲಿಲ್ಲ; ಮನೆಯಲ್ಲಿ ಎರಡು ವಾಹನಗಳಿವೆ.

ನಾನು ಕೊಟ್ಟ ಸಲಹೆ ಇಷ್ಟು. ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬಾರದು. ಚಹಾ ಕಬ್ಬಿಣಾಂಶ ಹೀರಿಕೊಳ್ಳಲು ಅಡ್ಡಿಯಾಗುವುದರಿಂದ ಊಟ ತಿಂಡಿಗೂ ಅದಕ್ಕೂ ಒಂದು ಗಂಟೆ ಅಂತರವಿರಲಿ. ಮಗನ ತಟ್ಟೆ ಹಾಕುವಾಗಲೇ ತಮ್ಮ ತಟ್ಟೆಯನ್ನೂ ಹಾಕಿಕೊಳ್ಳಬೇಕು. ರಾತ್ರಿಯೂಟ ಮತ್ತೆ ಶುರುವಾಗಲಿ. ಬಾಯಾರಿದಷ್ಟು ನೀರು ಸಾಕು. ಮಧ್ಯಾಹ್ನ ಗೇಟಿನ ಬಳಿ ಬಿಸಿಲಲ್ಲಿ ಕಾಯುವಾಗ ಕೊಡೆ ಹಿಡಿಯಬೇಕು, ಏಕೆಂದರೆ ಮುಖದ ಸುಕ್ಕಿಗೆ ಬಿಸಿಲಿನಷ್ಟು ಕಾರಣವಾದದ್ದು ತಟ್ಟೆಯಲ್ಲಿ ಯಾವುದೂ ಇಲ್ಲ.

ಪುಡಿ ಬಿಡಿ ಎಂದು ಮಾತ್ರ ಹೇಳಲಿಲ್ಲ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರಿಂದ ಆಕ್ಷೇಪ ಬಂತು: ಸುಳ್ಳು ಜಾಹೀರಾತಿಗೆ ಬಲಿಯಾದವರನ್ನು ಹಾಗೆಯೇ ಬಿಡುವುದೇ? ಇರುವ ಹಾಗೆಯೇ ತನ್ನನ್ನು ಒಪ್ಪಿಕೊಳ್ಳುವುದನ್ನು ಕಲಿಸಬೇಕಿತ್ತಲ್ಲವೇ? ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. 8.9 ಹಿಮೋಗ್ಲೋಬಿನ್ ಇರುವ ಮುಖ ಬಿಳಿಚಿಕೊಳ್ಳುವುದಕ್ಕೆ ಆತ್ಮವಿಶ್ವಾಸದ ಕೊರತೆ ಕಾರಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇವರ ಮುಂದೆ ಕೂತು ಕಳೆ ಒಳಗಿನಿಂದ ಬರುತ್ತದೆ ಎಂದು ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ. ಇನ್ನು ಆ ಡಬ್ಬಿ, ಆ ಮನೆಯಲ್ಲಿ ಆಕೆಯದು ಎನ್ನುವ ಒಂದೇ ಒಂದು ತಿನ್ನುವ ಪದಾರ್ಥ. ಅದನ್ನು ಮೊದಲ ದಿನವೇ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ. ಗಂಡನನ್ನು ಕರೆಸಿ ಮಾತಾಡಿದೆ. ಅವರು ಕೆಟ್ಟವರಲ್ಲ, ಹೆಂಡತಿ ಯಾವಾಗ ಉಣ್ಣುತ್ತಾರೆಂದು ಗಮನಿಸಿರಲಿಲ್ಲ, ಅಷ್ಟೇ. ಆ "ಅಷ್ಟೇ" ಬರೆಯುವಾಗ ಕೈ ತಡೆಯುತ್ತದೆ.

ಐದು ತಿಂಗಳ ನಂತರ ಆಕೆ ಬಂದಾಗ ಹಿಮೋಗ್ಲೋಬಿನ್ 11.4 ಇತ್ತು. ಅಂಗೈಯ ಹಳದಿ ಹೋಗಿತ್ತು. ಕಣ್ಣಿನ ಪಕ್ಕದ ಗೆರೆಗಳು ಇದ್ದಲ್ಲೇ ಇದ್ದವು, ಅವುಗಳ ಮಾತು ಇಬ್ಬರೂ ಎತ್ತಲಿಲ್ಲ. ಪುಡಿಯ ವಿಷಯ ಕೇಳಿದೆ. ಕೊಳ್ಳುವುದನ್ನು ಬಿಟ್ಟು ಎರಡು ತಿಂಗಳಾಯಿತಂತೆ.

"ಡಬ್ಬಿ ಇದೆ ಮೇಡಂ. ಕಡಲೆಬೀಜ, ಬೆಲ್ಲ ತುಂಬಿಸಿಟ್ಟಿದ್ದೇನೆ. ಮೇಲಿನ ಚೀಟಿಯನ್ನು ಕಿತ್ತಿಲ್ಲ."