ಹಗೇವಿನ ದೃಶ್ಯಕ್ಕೆ ಎಲ್ಲರೂ ನಕ್ಕರು

ಪ್ರಶ್ನೆ: ನಾವು ಬೆಟಗೇರಿಯ ಐವರು ಗೆಳೆಯರು ಸೇರಿ 38 ನಿಮಿಷಗಳ ಒಂದು ದೆವ್ವದ ಸಿನಿಮಾ ಮಾಡಿದ್ದೇವೆ. ರೋಣದ ಹತ್ತಿರ ನನ್ನ ಸೋದರಮಾವನ ಹಳೆಯ ವಾಡೆಯಿದೆ. ಅಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಮನೆಗೆ ಹೊಸದಾಗಿ ಬಂದ ಸೊಸೆಗೆ ನಲವತ್ತು ವರ್ಷಗಳಿಂದ ಮುಚ್ಚಿದ್ದ ಹಗೇವಿನೊಳಗಿಂದ (ಕಾಳು ತುಂಬಿಡುವ ನೆಲದಡಿಯ ಕಣಜ) ರಾತ್ರಿ ಬೀಸುಕಲ್ಲಿನ ಸದ್ದು ಕೇಳಿಸುತ್ತದೆ ಎಂಬುದು ಕಥೆ. ರಫ್ ಕಟ್ ಅನ್ನು, ಅಂದರೆ ಸಂಕಲನದ ಮೊದಲ ಕರಡನ್ನು, ಹದಿನಾಲ್ಕು ಜನರಿಗೆ ತೋರಿಸಿದೆ. ಸೊಸೆ ಹಗೇವಿಗೆ ಇಳಿಯುವ ದೃಶ್ಯಕ್ಕೆ ಎಲ್ಲರೂ ನಕ್ಕುಬಿಟ್ಟರು. ಒಬ್ಬ ಸಂಗೀತ ಹೆಚ್ಚಿಸು ಎಂದ, ಇನ್ನೊಬ್ಬ ದೆವ್ವವನ್ನು ತೋರಿಸಲೇಬೇಡ ಎಂದ, ಮತ್ತೊಬ್ಬ ಆರಂಭದಲ್ಲೇ ತೋರಿಸು ಎಂದ. ನಮ್ಮ ಅಜ್ಜಿ ಮಾತ್ರ "ದೀಪ ಇಳಿಸದೆ ಹಗೇವಿಗೆ ಯಾರು ಇಳಿಯುತ್ತಾರೆ?" ಎಂದು ಕೇಳಿ ಎದ್ದು ಹೋದರು. ನಾನು ಎಲ್ಲರೊಂದಿಗೂ ವಾದ ಮಾಡಿದೆ. ಕ್ಯಾಮೆರಾ ಹಿಡಿದ ಗೆಳೆಯ ಅಂದಿನಿಂದ ಮಾತು ಬಿಟ್ಟಿದ್ದಾನೆ. ನಾನು ಯಾರ ಮಾತು ಕೇಳಬೇಕು?

ಉತ್ತರ: ಅಜ್ಜಿಯ ಮಾತು ಕೇಳಿ.

ನೀವು ಕಳಿಸಿದ ರಫ್ ಕಟ್ ಅನ್ನು ಮೂರು ಸಲ ನೋಡಿದೆ. ನನ್ನ ತವರು ಅಣ್ಣಿಗೇರಿಯ ಕಡೆ. ನಮ್ಮ ಮನೆಯಲ್ಲೂ ಹಗೇವು ಇತ್ತು. ಅದರ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಚಪ್ಪಡಿ ಕಲ್ಲು ಹಾಕಿ, ಮಣ್ಣು ಮೆತ್ತಿ ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ. ಕಾಳು ಸಹ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುವುದು ಅದರಿಂದಲೇ, ಅವಸರದಲ್ಲಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಅದಕ್ಕೆ ನಮ್ಮ ತಂದೆ ಹಗೇವಿನ ಬಾಯಿ ತೆರೆದ ದಿನ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮರುದಿನ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ನಾವು ಮಕ್ಕಳು ಪಡಸಾಲೆಯ ಕಂಬ ಹಿಡಿದು ನಿಂತು, ಆ ಬೆಳಕು ಉಳಿಯುತ್ತದೆಯೋ ಆರುತ್ತದೆಯೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಬೆಳಕು ಆರಿದರೆ ಆ ದಿನವೂ ಯಾರೂ ಇಳಿಯುವಂತಿಲ್ಲ.

ನಿಮ್ಮ ಅಜ್ಜಿ ಹೇಳಿದ್ದು ಇದನ್ನೇ. ನೀವು ಅದನ್ನು ತಪ್ಪು ಹುಡುಕುವ ಮಾತೆಂದು ತಿಳಿದಿರಿ. ಆದರೆ ನಿಮ್ಮ ಸಿನಿಮಾದಲ್ಲಿ ಇಲ್ಲದ ಭಯವನ್ನು ಅವರು ಒಂದೇ ಸಾಲಿನಲ್ಲಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಸೊಸೆ ಕಂದೀಲನ್ನು ಇಳಿಬಿಡುತ್ತಾಳೆ. ಹಗ್ಗ ಸರಿಯುತ್ತದೆ, ಹಗೇವಿನ ಗೋಡೆಯ ಮೇಲೆ ಬೆಳಕು ತೂಗುತ್ತದೆ, ಒಂದು ಆಳದಲ್ಲಿ ಅದು ಆರಿಹೋಗುತ್ತದೆ. ಕೆಳಗೆ ಉಸಿರಾಡುವ ಜೀವ ಇರಲು ಸಾಧ್ಯವೇ ಇಲ್ಲ ಎಂದು ಅವಳಿಗೂ ಗೊತ್ತು, ನೋಡುವವರಿಗೂ ಗೊತ್ತು. ಆ ಕತ್ತಲಿನಿಂದ ಬೀಸುಕಲ್ಲಿನ ಸದ್ದು ಶುರುವಾಗಲಿ. ಅದಾದ ಮೇಲೂ ಅವಳು ಇಳಿದರೆ ಯಾರೂ ನಗುವುದಿಲ್ಲ.

ಇದಕ್ಕೆ ಬೇಕಾಗುವುದು ಒಂದು ಶಾಟ್. ಕಂದೀಲಿನೊಳಗೆ ಸಣ್ಣ ಬಲ್ಬು ಇಟ್ಟು, ಹಗ್ಗದ ಜೊತೆಗೇ ವೈರು ಬಿಟ್ಟು, ಮೇಲಿನಿಂದ ಸ್ವಿಚ್ ಆರಿಸಿ. ಮರುಚಿತ್ರೀಕರಣದಲ್ಲಿ ಯಾರನ್ನೂ ಹಗೇವಿಗೆ ಇಳಿಸಬೇಡಿ. ಮೊದಲ ಸಲ ಅದನ್ನು ತೆರೆದು ಎಷ್ಟು ಹೊತ್ತಿಗೆ ಆ ಹುಡುಗಿಯನ್ನು ಇಳಿಸಿದಿರಿ ಎಂದು ನೀವು ಬರೆದಿಲ್ಲ. ಓದುತ್ತಿರುವಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ರಫ್ ಕಟ್ ತೋರಿಸಿದ ಮೇಲೆ ಮತ್ತೆ ಕ್ಯಾಮೆರಾ ಹಿಡಿಯುವುದು ಸೋಲು ಎಂದುಕೊಳ್ಳಬೇಡಿ. 1975ರಲ್ಲಿ ತೆರೆಗೆ ಬಂದ 'ಜಾಸ್' ಚಿತ್ರವನ್ನು ಮೊದಲೇ ಪ್ರೇಕ್ಷಕರಿಗೆ ತೋರಿಸಿ ನೋಡಿದ ಮೇಲೆ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರಿಗೆ ಇನ್ನೊಂದು ಚೀತ್ಕಾರ ಬೇಕೆನಿಸಿತು. ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದ ನೀರಿಗೆ ಹಾಲಿನ ಪುಡಿ ಕಲಸಿ, ಅದನ್ನು ಕಡಲಿನಂತೆ ಮಬ್ಬಾಗಿಸಿ, ಮುಳುಗಿದ ದೋಣಿಯಿಂದ ಸತ್ತವನ ತಲೆ ಹೊರಬರುವ ತುಣುಕನ್ನು ಚಿತ್ರೀಕರಿಸಿದರು. ನಿಮಗೆ ಕೊಳವೂ ಬೇಡ, ಕಂದೀಲು ಸಾಕು.

ಇನ್ನು ಆ ನಗು. ಅದು ಎಲ್ಲಿ ಶುರುವಾಯಿತು ಎಂಬುದನ್ನು ನೀವು ಬರೆದಿಲ್ಲ, ಬಹುಶಃ ಗಮನಿಸಿಲ್ಲ. ದೆವ್ವದ ಮುಖ ಕಂಡಾಗ ಎಂದು ನನ್ನ ಊಹೆ. ಆ ಮುಖ ಪರದೆಯ ಮೇಲೆ ಪೂರ್ತಿ ನಾಲ್ಕು ಸೆಕೆಂಡು ನಿಂತಿದೆ. ಮೊದಲ ಅರೆ ಸೆಕೆಂಡಿನಲ್ಲಿ ನಾನು ಬೆಚ್ಚಿದೆ. ಎರಡನೆಯ ಸೆಕೆಂಡಿಗೆ ಕೆನ್ನೆಗೆ ಬಳಿದ ಬಿಳಿ ಹಿಟ್ಟು ಕಂಡಿತು, ಮೂರನೆಯದಕ್ಕೆ ಕಿವಿಯ ಹಿಂದೆ ಬಳಿಯದೆ ಬಿಟ್ಟ ಚರ್ಮ ಕಂಡಿತು. ಬೆಚ್ಚಿದ ಮೈ ಸಡಿಲಗೊಳ್ಳುವಾಗ ಜನ ನಗುತ್ತಾರೆ. ಅಂದರೆ ಅವರು ಮೊದಲು ಬೆಚ್ಚಿದ್ದರು. ಅದನ್ನು ಕಳೆದುಕೊಳ್ಳಬೇಡಿ. ಮುಖವನ್ನು ಹದಿನೈದು ಫ್ರೇಮಿಗೆ, ಅಂದರೆ ಸುಮಾರು ಅರೆ ಸೆಕೆಂಡಿಗೆ, ಇಳಿಸಿ ಒಮ್ಮೆ ನೋಡಿ.

"ಸಂಗೀತ ಹೆಚ್ಚಿಸು" ಎಂದ ಗೆಳೆಯನ ಔಷಧ ತಪ್ಪು, ಆದರೆ ಅವನಿಗೆ ನೋವು ಕಂಡ ಜಾಗ ಸರಿ. ಅಲ್ಲಿ ಸದ್ದೇ ಬಲಹೀನವಾಗಿದೆ. ಬೀಸುಕಲ್ಲಿನ ಸದ್ದು ಎಲ್ಲಿಂದಲೋ ಇಳಿಸಿಕೊಂಡದ್ದು, ಯಾವುದೋ ಯಂತ್ರದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಅಜ್ಜಿಯ ಮನೆಯ ಬೀಸುಕಲ್ಲಿಗೆ ಜೋಳ ಹಾಕಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಕಾಳು ಇರುವಾಗ ಸದ್ದು ಮಂದವಾಗಿರುತ್ತದೆ. ಕಾಳು ಮುಗಿದಾಗ ಕಲ್ಲಿಗೆ ಕಲ್ಲು ತಾಗಿ ಹಲ್ಲು ಕಡಿದಂತೆ ಕೇಳಿಸುತ್ತದೆ. ಬೀಸುವ ಹೆಂಗಸಿಗೆ ಇನ್ನೊಂದು ಹಿಡಿ ಕಾಳು ಹಾಕಬೇಕೆಂದು ಹೇಳುವ ಸದ್ದು ಅದು. ನಿಮ್ಮ ಹಗೇವಿನಿಂದ ಆ ಸದ್ದು ಬರಲಿ. ಕಾಳು ಹಾಕುವವರಿಲ್ಲದೆ ನಲವತ್ತು ವರ್ಷ ಬರಿಯ ಕಲ್ಲು ತಿರುಗುತ್ತಿದೆ ಎಂಬುದನ್ನು ಬೀಸಿ ಗೊತ್ತಿರುವ ಪ್ರತಿ ಹೆಂಗಸೂ ಕುಳಿತಲ್ಲೇ ತಿಳಿಯುತ್ತಾಳೆ.

ಮುಂದಿನ ಸಲ ತೋರಿಸುವಾಗ "ಹೇಗಿದೆ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಪ್ರತಿಯೊಬ್ಬನೂ ನಿರ್ದೇಶಕನಾಗುತ್ತಾನೆ. ಬೇಸರ ಬಂದದ್ದು ಎಲ್ಲಿ, ಯಾರು ಯಾರಿಗೆ ಏನಾಗಬೇಕೆಂದು ತಿಳಿಯದೆ ಹೋದದ್ದು ಎಲ್ಲಿ, ಹಗೇವಿನಲ್ಲಿ ಏನೋ ಇದೆ ಎಂದು ಮೊದಲು ಅನ್ನಿಸಿದ್ದು ಯಾವಾಗ ಎಂದು ಕೇಳಿ. ಮಾತು ಶುರುವಾಗುವ ಮೊದಲೇ ಎಲ್ಲರಿಂದಲೂ ಬರೆಸಿಕೊಳ್ಳಿ, ಏಕೆಂದರೆ ಮೊದಲು ಬಾಯಿ ತೆರೆದವನ ಅಭಿಪ್ರಾಯ ಉಳಿದವರ ಅಭಿಪ್ರಾಯವನ್ನು ಎಳೆದುಕೊಂಡು ಹೋಗುತ್ತದೆ. ನೀವು ಪರದೆಯ ಪಕ್ಕದಲ್ಲಿ, ಅವರ ಮುಖ ಕಾಣುವಂತೆ ಕುಳಿತಿರಿ. ಸಮಜಾಯಿಷಿ ಕೊಡಬೇಡಿ. ಸಿನಿಮಾ ತೆರೆಕಂಡ ಮೇಲೆ ಪ್ರತಿ ಮನೆಗೂ ಹೋಗಿ "ಅದು ಹಾಗಲ್ಲ" ಎಂದು ಹೇಳಲು ನಿಮ್ಮಿಂದಾಗದು. ಇನ್ನೊಂದು ಮಾತು: ಒಬ್ಬ ಮನುಷ್ಯ ಒಂದು ಸಿನಿಮಾವನ್ನು ಮೊದಲ ಸಲ ನೋಡುವುದು ಒಂದೇ ಸಲ. ದೆವ್ವದ ಸಿನಿಮಾಕ್ಕೆ ಆ ಮೊದಲ ನೋಟವೇ ಬಂಡವಾಳ. ನೀವು ಹದಿನಾಲ್ಕು ನೋಟಗಳನ್ನು ಒಂದೇ ಸಂಜೆ ಖರ್ಚು ಮಾಡಿದ್ದೀರಿ. ಇನ್ನು ಮೇಲೆ ನಾಲ್ವರಿಗೆ, ಐವರಿಗೆ ತೋರಿಸಿ.

ಕ್ಯಾಮೆರಾದ ಗೆಳೆಯನ ಮನೆಗೆ ಇವತ್ತೇ ಹೋಗಿ. ನಕ್ಕವರ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡಿದ್ದರೆ ಕ್ಷಮೆ ಕೇಳಿ. ಆಮೇಲೆ ಶಾಟ್ ಹೀಗೇ ಇರಬೇಕು ಎನ್ನದೆ ಅಜ್ಜಿಯ ಮಾತನ್ನಷ್ಟೇ ಅವನಿಗೆ ಹೇಳಿ. ಆ ದೀಪವನ್ನು ಎಲ್ಲಿಂದ ನೋಡಬೇಕು ಎಂಬುದು ಅವನಿಗೆ ಬಿಟ್ಟದ್ದು.

ಪ್ರಶ್ನೆ: ನಾನು ಹಾವೇರಿಯಲ್ಲಿ ಶಿಕ್ಷಕಿ. ನನ್ನ ಚಿಕ್ಕಪ್ಪನ ಮಗ ತಾನು ಮಾಡಿದ ಕಿರುಚಿತ್ರ ತೋರಿಸಿ "ಅಕ್ಕಾ, ಇದ್ದದ್ದನ್ನು ಇದ್ದಂತೆ ಹೇಳು" ಎಂದಿದ್ದಾನೆ. ನನಗೆ ಸ್ವಲ್ಪವೂ ಹೆದರಿಕೆಯಾಗಲಿಲ್ಲ. ಹಾಗೆಂದು ಹೇಳಿದರೆ ನೊಂದುಕೊಳ್ಳುತ್ತಾನೆ. ಏನು ಮಾಡಲಿ?

ಉತ್ತರ: ಇನ್ನೂ ಬದಲಾಯಿಸುತ್ತಾನೆಯೋ, ಮುಗಿಸಿಬಿಟ್ಟಿದ್ದಾನೆಯೋ ಎಂದು ಮೊದಲು ಕೇಳಿ. ಮುಗಿಸಿದ್ದರೆ ಮನಸ್ಸಿನಲ್ಲಿ ಉಳಿದ ಒಂದು ದೃಶ್ಯದ ಬಗ್ಗೆ ನಿಜವಾಗಿ ಮಾತಾಡಿ, ಅಷ್ಟು ಸಾಕು. ಬದಲಾಯಿಸುವುದಿದ್ದರೆ ಮತ್ತೊಮ್ಮೆ ಅವನ ಜೊತೆ ಕುಳಿತು ನೋಡಿ. "ಇಲ್ಲಿಯವರೆಗೆ ನನಗೆ ಆ ಪಾತ್ರದ ಬಗ್ಗೆ ಚಿಂತೆಯಿತ್ತು, ಇಲ್ಲಿ ಹೋಯಿತು" ಎಂದು ಬೆರಳಿಟ್ಟು ತೋರಿಸಿ. ನಿಮ್ಮ ಕಥೆಯನ್ನು ಅವನ ಕಥೆಯೊಳಗೆ ತುರುಕಬೇಡಿ.

ಬೆಂಗಳೂರಿನಲ್ಲಿ ಎಡಿಟಿಂಗ್ ಮಾಡುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗ ತನ್ನ ಮೊದಲ ಚಿತ್ರ ತೋರಿಸಿದ. ದೀಪ ಹಾಕುತ್ತಿದ್ದಂತೆ ನಾನು ಹೇಳಿದ ಮೊದಲ ಮಾತು "ಹೆದರಿಕೆ ಬರಲಿಲ್ಲ" ಎಂದು. ಅದು ನಿಜವೇ ಆಗಿತ್ತು. ಆದರೆ ಅದರಲ್ಲಿ ಅವನು ಹಿಡಿದುಕೊಂಡು ಕೆಲಸ ಮಾಡಬಹುದಾದ ಏನೂ ಇರಲಿಲ್ಲ. ಅವನು ಆ ಚಿತ್ರವನ್ನು ಮತ್ತೆ ಮುಟ್ಟಲಿಲ್ಲ. ಬಾವಿಕಟ್ಟೆಯ ಬಳಿ ಒಬ್ಬ ಮುದುಕ ಸುಮ್ಮನೆ ಕುಳಿತಿರುವ ಅದರ ಒಂದು ಶಾಟ್ ನನಗೆ ಇಂದಿಗೂ ನೆನಪಿದೆ. ಅದನ್ನು ಅವನಿಗೆ ಹೇಳಲಿಲ್ಲವಲ್ಲ ಎಂಬ ನೋವು ಹೋಗಿಲ್ಲ.

ಪ್ರಶ್ನೆ: ನಮ್ಮ ರಫ್ ಕಟ್ ಕಳಿಸಿದರೆ ನೋಡುತ್ತೀರಾ? (ಧಾರವಾಡ)

ಉತ್ತರ: ಕಳಿಸಿ. ಪರದೆಯ ಮೂಲೆಯಲ್ಲಿ ಟೈಮ್‌ಕೋಡ್ (ನಿಮಿಷ, ಸೆಕೆಂಡುಗಳ ಎಣಿಕೆ) ಓಡುತ್ತಿರಲಿ, ಯಾವ ಸದ್ದು ತಾತ್ಕಾಲಿಕ ಎಂಬುದನ್ನು ಬರೆದು ಇಡಿ. ಆದರೆ ಕಥೆಯನ್ನು ಮೊದಲೇ ಹೇಳಬೇಡಿ. ಬೆಟಗೇರಿಯವರೂ ಕಂದೀಲಿನ ಶಾಟ್ ಸೇರಿಸಿದ ಮೇಲೆ ಮತ್ತೆ ಕಳಿಸಲಿ. ಅವರ ಚಿತ್ರಕ್ಕೆ ನನ್ನ ಮೊದಲ ನೋಟ ಮುಗಿದಿದೆ. ಅಣ್ಣಿಗೇರಿಯಿಂದ ನನ್ನ ತಂಗಿ ಬಂದಾಗ ಅವಳನ್ನು ಮುಂದೆ ಕೂರಿಸಿ, ನಾನು ಅವಳ ಮುಖ ನೋಡುತ್ತೇನೆ.